ಕೊರಳಿನ ಬಿಲ್ಲೆ

ಗಂಟು ಬಿಚ್ಚಲಿಲ್ಲ. ಇಂದುಮತಿ ಮೊದಲು ಉಗುರಿನಿಂದ ಕಿತ್ತು ನೋಡಿದಳು. ಆಮೇಲೆ ಸೆರಗಿನ ಪಿನ್ನು ತೆಗೆದು ಅದರ ಮೊನೆಯನ್ನು ಗಂಟಿನೊಳಗೆ ತೂರಿಸಿದಳು. ವರ್ಷಗಟ್ಟಲೆ ಬೆವರು, ಎಣ್ಣೆ, ಸಾಬೂನು ಕುಡಿದ ಕರಿಯ ದಾರ ಕಲ್ಲಾಗಿತ್ತು. ಅದರ ಕೆಳಗೆ ಅತ್ತೆಯ ಕೊರಳು ಕಲ್ಲಿಗಿಂತ ತಣ್ಣಗಿತ್ತು.

ಸುಲೋಚನಮ್ಮ ಸತ್ತು ಮೂರನೆಯ ವಾರ ನಡೆಯುತ್ತಿತ್ತು. ಸತ್ತವರು ಕೂಡ ತಮ್ಮ ಸರದಿ ಬರುವವರೆಗೆ ಕಾಯಬೇಕಾದ ದೇಶ ಅದು. ಸ್ವೀಡನ್ನಿನ ವೆಸ್ಟೆರಾಸ್ ಊರಿನ ಚಿತಾಗಾರಕ್ಕೆ ಅಂಟಿಕೊಂಡ ಚಿಕ್ಕ ಕೋಣೆಯಲ್ಲಿ ಬಿಳಿಯ ಪೆಟ್ಟಿಗೆಯ ಮುಚ್ಚಳ ತೆಗೆದು ಗೋಡೆಗೆ ಒರಗಿಸಿದ್ದರು. ಜೇನುಬಣ್ಣದ ರೇಷ್ಮೆ ಸೀರೆ ಉಡಿಸಿ ಆಗಿತ್ತು. ಹಣೆಗೆ ವಿಭೂತಿ ಇಟ್ಟಾಗಿತ್ತು. ಉಳಿದದ್ದು ಕೊರಳಿನ ದಾರ. ಅದರಲ್ಲಿ ಎಂಟಾಣೆ ನಾಣ್ಯಕ್ಕಿಂತ ಕೊಂಚ ದೊಡ್ಡದಾದ ಮಂಕು ಲೋಹದ ಬಿಲ್ಲೆಯೊಂದಿತ್ತು. ಬಿಲ್ಲೆಯ ಮೇಲೆ ಒಂದು ಅಕ್ಷರ, ಮೂರು ಅಂಕಿ ಕೊರೆದಿದ್ದವು.

ಶವಸಂಸ್ಕಾರದ ಸಂಸ್ಥೆಯ ಕಾರಿನ್ ಎಂಬ ಹೆಂಗಸು ಬಾಗಿಲಲ್ಲಿ ನಿಂತು ಸ್ವೀಡಿಷ್ ಭಾಷೆಯಲ್ಲಿ ಮೆಲ್ಲಗೆ ಕೇಳಿದಳು. "ಸರ ಹಾಗೇ ಇರಲೋ, ತೆಗೆಯಬೇಕೋ? ಇದ್ದರೆ ಅಡ್ಡಿಯಿಲ್ಲ. ಆದರೆ ಬೂದಿಯಲ್ಲಿ ಸಿಕ್ಕ ಲೋಹವನ್ನೆಲ್ಲ ಒಟ್ಟಿಗೆ ಕರಗಿಸಲು ಕಳಿಸುತ್ತಾರೆ. ಮತ್ತೆ ನಿಮಗೆ ಸಿಗುವುದಿಲ್ಲ."

"ತೆಗೀತೀವಿ ಅಂತ ಹೇಳ್ರಿ," ಎಂದಳು ಇಂದುಮತಿ ಗಂಡನಿಗೆ. ಶಿವಪ್ರಸಾದ ಹೇಳಿದ. ಕಾರಿನ್ ತಲೆಯಾಡಿಸಿ ಹೋದಳು.

"ಕತ್ತರಿ ಗಿತ್ತರಿ ಹಾಕ್ಬೇಡಮ್ಮ," ಎಂದರು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಬದರಿನಾಥರು. ಸುಲೋಚನಮ್ಮನ ಗಂಡ ಅನಂತಕೃಷ್ಣರ ಜೊತೆಯಲ್ಲೇ ವಿದ್ಯುತ್ ಯಂತ್ರಗಳ ಕಾರ್ಖಾನೆಗೆ ಎಂಜಿನಿಯರಾಗಿ ಬಂದು ನೆಲೆಸಿದವರು. ಊರಿನ ಕನ್ನಡದವರಿಗೆ ಮದುವೆ, ನಾಮಕರಣ, ಸಾವು ಯಾವುದಕ್ಕಾದರೂ ಅವರೇ ಪುರೋಹಿತರು. "ರಕ್ಷೆ ದಾರ ಬಿಚ್ಬೇಕು, ಕತ್ತರಿಸ್ಬಾರದು. ಕತ್ತರಿಸಿದ್ರೆ ಅದರ ಶಕ್ತಿ ಅಲ್ಲಿಗೇ ಹೋಯ್ತು."

"ಬಿಚ್ತಾ ಇಲ್ವಲ್ಲ ಅಂಕಲ್. ಹೋಗೋವಾಗ್ಲೂ ಕೊಡಲ್ಲ ಅಂತಿದಾರೆ ನಮ್ಮತ್ತೆ." ಇಂದುಮತಿ ಪಿನ್ನು ಹಿಡಿದ ಕೈಯಿಂದಲೇ ಕಣ್ಣೊರೆಸಿಕೊಂಡಳು. "ಇಲ್ಲಿರೋ ಎಲ್ಲರ ಮಕ್ಕಳಿಗೂ ಕಟ್ಟಿದ್ರಂತೆ. ನನ್ನ ಮಗೂಗೆ ಕೇಳಿದಾಗ ಮಾತ್ರ ಇಷ್ಟು ಬಿಗಿಯಾಗಿ ಮುಷ್ಟಿ ಹಿಡ್ಕೊಂಡ್ರು. ಮಾತಿಲ್ಲ, ಕತೆಯಿಲ್ಲ. ಆಸ್ಪತ್ರೆ ಹಾಸಿಗೆ ಮೇಲೆ ಮಲಗಿದ್ರು, ಆದ್ರೂ."

"ನಿನಗೆ ಕೊಡಲಿಲ್ಲ ಅಂತೀಯ. ನಮ್ಮ ದಿಯಾ ಕೊರಳಿಂದ ಬಿಚ್ಚಿಕೊಂಡೇ ಹೋದರು. ಮೊಮ್ಮಗಳ ನಾಮಕರಣ ಆಗಿ ವಾರ ಆಗಿರಲಿಲ್ಲ. ಸಂಜೆ ಬಂದ್ರು, ಕಾಫಿ ಕೂಡ ಕುಡೀಲಿಲ್ಲ, ಬಿಚ್ಚಿದ್ರು, ತಮ್ಮ ಕೊರಳಿಗೆ ಹಾಕ್ಕೊಂಡ್ರು, ಹೊರಟ್ರು. ವಯಸ್ಸಾದ ಮೇಲೆ ಪ್ರಾಣದ ಮೇಲೆ ಆಸೆ ಬಂತು ಅಂದ್ಲು ನಮ್ಮವಳು. ನಾನು ಬೈದೆ. ಆದರೆ ಮನಸ್ಸಲ್ಲಿ ನಂಗೂ ಹಾಗೇ ಅನ್ನಿಸಿತ್ತು."

ಶಿವಪ್ರಸಾದ ಕಿಟಕಿಯ ಹೊರಗೆ ನೋಡುತ್ತಿದ್ದ. ಅವನ ಆರು ವಾರದ ಮಗ ವಿವಾನ್ ಅದೇ ಊರಿನ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿದ್ದ. ಹೃದಯದಲ್ಲಿ ರಂಧ್ರವಿತ್ತು. ನಾಳೆ ಗೋಥೆನ್‌ಬರ್ಗ್‌ಗೆ ಕರೆದುಕೊಂಡು ಹೋಗಿ, ಮರುದಿನ ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಎದೆ ತೆರೆಯುವುದೆಂದು ನಿಶ್ಚಯವಾಗಿತ್ತು. ಹೊರಡುವ ಮೊದಲು ಈ ಬಿಲ್ಲೆ ಮಗುವಿನ ತೊಟ್ಟಿಲಿಗಾದರೂ ಸೇರಬೇಕು ಎಂಬುದೊಂದೇ ಇಂದುಮತಿಯ ಹಟ. ಮದುವೆಯಾಗಿ ತುಮಕೂರಿನಿಂದ ಬಂದ ನಾಲ್ಕು ವರ್ಷದಲ್ಲಿ ಅವಳು ಗಂಡನನ್ನು ಇಷ್ಟು ಗಟ್ಟಿಯಾಗಿ ಕೇಳಿದ್ದು ಬೇರೇನೂ ಇರಲಿಲ್ಲ.

ಬಾಗಿಲು ತೆರೆಯಿತು. ನೆನೆದ ಕೋಟಿನ ಎತ್ತರದ ಆಫ್ರಿಕನ್ ಹೆಂಗಸೊಬ್ಬಳು ಒಳಗೆ ಬಂದಳು. ಸುಲೋಚನಮ್ಮನ ಜೊತೆ ವೃದ್ಧಾಶ್ರಮದಲ್ಲಿ ಹಲವು ವರ್ಷ ಕೆಲಸ ಮಾಡಿದ ಕಾಂಗೋ ದೇಶದ ಎಸ್ಪೆರಾನ್ಸ್. ಅವಳು ಪೆಟ್ಟಿಗೆಯೊಳಗಿನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಇಂದುಮತಿಯ ಬೆರಳುಗಳನ್ನು ನೋಡಿದಳು.

"ಬೇಡಮ್ಮ, ನಿಲ್ಲಿಸು," ಎಂದಳು ಸ್ವೀಡಿಷ್ ಭಾಷೆಯಲ್ಲಿ. "ಅದನ್ನು ತೆಗೆಯಬೇಕಾದವಳು ನಾನು."

◆

ಶಿವಪ್ರಸಾದ, ಮನೆಯವರ ಶಿವು, ಹುಟ್ಟಿದ ವರ್ಷ ಚಳಿ ಬೇಗ ಬಂದಿತ್ತು. ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಎದೆಯಲ್ಲಿ ಕಫ ಕಟ್ಟಿ ಮೂರು ಬಾರಿ ಆಸ್ಪತ್ರೆ ಸೇರಿತು. ಅನಂತಕೃಷ್ಣ ಹಗಲೆಲ್ಲ ಕಾರ್ಖಾನೆಯಲ್ಲಿ. ಸುಲೋಚನ ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸುವ, ಊಟ ತಿನ್ನಿಸುವ ಕೆಲಸಕ್ಕೆ ಆಗಷ್ಟೇ ಸೇರಿದ್ದಳು. ಭಾಷೆ ಅರ್ಧ ಬರುತ್ತಿತ್ತು. ನಂಜನಗೂಡಿನಲ್ಲಿದ್ದಿದ್ದರೆ ತಾಯಿ ಜೋಯಿಸರ ಮನೆಗೆ ಓಡುತ್ತಿದ್ದಳು. ಅವರು ತಾಮ್ರದ ತಗಡಿನ ಮೇಲೆ ಅಂಕಿಗಳನ್ನು ಕೊರೆದು, ಪೂಜೆಯಲ್ಲಿಟ್ಟು, ಕರಿಯ ದಾರಕ್ಕೆ ಪೋಣಿಸಿ ಕೊಡುತ್ತಿದ್ದರು. ಸುಲೋಚನಳ ತಮ್ಮಂದಿರೆಲ್ಲ ಅಂಥ ಯಂತ್ರ ಕಟ್ಟಿಕೊಂಡೇ ಬೆಳೆದವರು. ಇಲ್ಲಿ ಯಾರನ್ನು ಕೇಳುವುದು?

ಅವಳು ನೋಡಿಕೊಳ್ಳುತ್ತಿದ್ದವರಲ್ಲಿ ಆಕ್ಸೆಲ್ ಎಂಬ ಮುದುಕ ಒಬ್ಬ. ಮಿತಭಾಷಿ. ಒಂದು ದಿನ ಅವಳು ಸೂಪು ಕುಡಿಸುತ್ತಾ ಅಳುತ್ತಿರುವುದನ್ನು ಕಂಡು ಯಾಕೆಂದು ಕೇಳಿದ. ಅವಳು ಮಗುವಿನ ವಿಷಯ ಹೇಳಿದಳು. ಮುದುಕ ಮೇಜಿನ ಖಾನೆ ಎಳೆಯಲು ಹೇಳಿದ. ಒಳಗೆ ಸಿಗಾರಿನ ಡಬ್ಬಿ. ಡಬ್ಬಿಯಲ್ಲಿ ಗುಂಡಿಗಳು, ಒಂದು ಪದಕ, ಈ ಬಿಲ್ಲೆ.

"ನಿನಗೆ ಏನಾದರೂ ಕೊಡಬೇಕು ಅನ್ನಿಸಿತು. ನನ್ನ ಹತ್ತಿರ ಬೇರೇನೂ ಇಲ್ಲ," ಎಂದ. ಅವನ ತಂದೆ ಯೌವನದಲ್ಲಿ ಕಾಂಗೋ ದೇಶದಲ್ಲಿ ಅಧಿಕಾರಿಯಾಗಿದ್ದನಂತೆ. ಬೆಲ್ಜಿಯಂ ದೊರೆ ಅಲ್ಲಿ ಹೊಸದಾಗಿ ಸರ್ಕಾರ ಕಟ್ಟುತ್ತಿದ್ದ ಕಾಲ. ಸ್ವೀಡನ್ನಿನಿಂದ ಎಷ್ಟೋ ಜನ ಸೈನ್ಯದ ಹುಡುಗರು ಆ ಚಾಕರಿಗೆ ಹೋಗಿದ್ದರು. ನದಿಯ ದಂಡೆಯ ಒಂದು ಠಾಣೆ ಅವನ ತಂದೆಯ ಕೈಯಲ್ಲಿತ್ತು.

ಸುಲೋಚನ ಬಿಲ್ಲೆಯನ್ನು ತಿರುಗಿಸಿ ನೋಡಿದಳು. ತೂತು ಇತ್ತು. ಅಂಕಿ ಇತ್ತು. "ಇದನ್ನು ಏನು ಮಾಡುತ್ತಿದ್ದರು?"

"ಅಲ್ಲಿಯ ಜನ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಪ್ರತಿಯೊಬ್ಬನಿಗೂ ಒಂದು." ಮುದುಕ ಕಿಟಕಿಯ ಕಡೆ ತಿರುಗಿದ. "ಇದು ಕೊರಳಲ್ಲಿದ್ದರೆ ಅವನನ್ನು ಯಾರೂ ದಾರಿಯಲ್ಲಿ ತಡೆಯುತ್ತಿರಲಿಲ್ಲ. ಇಲ್ಲದಿದ್ದರೆ ಅಪಾಯ. ನನ್ನ ತಂದೆ ಅಷ್ಟೇ ಹೇಳಿದ್ದ. ಹೆಚ್ಚು ಕೇಳಿದರೆ ಎದ್ದು ಹೋಗುತ್ತಿದ್ದ."

ಆ ಸಂಜೆ ಅವಳು ಬಿಲ್ಲೆಯನ್ನು ಹಾಲಿನಲ್ಲಿ ತೊಳೆದು, ದೇವರ ಗೂಡಿನಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದಳು. ಎಲ್ಲಿಯ ದೇವರಾದರೇನು, ಮಕ್ಕಳನ್ನು ಕಾಯುವ ಕೈ ಒಂದೇ ಎಂದು ನಂಬಿದವಳು ಅವಳು. ಕರಿಯ ದಾರ ಹೊಸೆದು ಮಗುವಿನ ಕೊರಳಿಗೆ ಕಟ್ಟಿದಳು. ವೈದ್ಯರು ಆ ವಾರವೇ ಔಷಧ ಬದಲಿಸಿದ್ದರು. ಜ್ವರ ಇಳಿಯಿತು. ಮತ್ತೆ ಬರಲಿಲ್ಲ.

ಮುಂದಿನ ಮಗು ಬದರಿನಾಥರ ಶ್ರೀನಾಥ. ಆಮೇಲೆ ಹೊಸದಾಗಿ ಬಂದವರ ಮಕ್ಕಳು. ಬೆಂಗಳೂರಿನ ಶಹರ್ಬಾನು ತನ್ನ ಮಗ ಫೈಜಲನಿಗೆ ದಡಾರ ಎದ್ದಾಗ ಎರಡು ವಾರಕ್ಕೆಂದು ಒಯ್ದು ಎರಡು ತಿಂಗಳು ಇಟ್ಟುಕೊಂಡಿದ್ದಳು. ಸುಲೋಚನಮ್ಮನ ಬಿಲ್ಲೆ ಎಂದರೆ ಊರಿನ ಕನ್ನಡದವರಲ್ಲಿ ಗೊತ್ತಿಲ್ಲದವರಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಅದು ಕೊರಳಿಂದ ಕೊರಳಿಗೆ ತಿರುಗಿತು. ಪ್ರತಿ ಬಾರಿ ಕೊಡುವಾಗಲೂ ಅವಳು ಅದನ್ನು ಹಾಲಿನಲ್ಲಿ ತೊಳೆದೇ ಕೊಡುತ್ತಿದ್ದಳು.

◆

"ನೀವು ಯಾಕೆ ತೆಗೀಬೇಕು?" ಬದರಿನಾಥರು ಎದ್ದು ನಿಂತಿದ್ದರು. ಅವರ ಸ್ವೀಡಿಷ್ ಸಿಟ್ಟಿನಲ್ಲಿ ಮುರಿಯುತ್ತಿತ್ತು. "ಇದು ಮನೆಯವರ ವಸ್ತು. ಮಗ ಇದ್ದಾನೆ, ಸೊಸೆ ಇದ್ದಾಳೆ, ಮೊಮ್ಮಗ ಇದ್ದಾನೆ."

"ಸುಲು ಮಾತು ತೆಗೆದುಕೊಂಡಿದ್ದಾಳೆ ನನ್ನಿಂದ. ನಿಮಗೆ ಅವಳು ಏನೂ ಹೇಳಿಲ್ಲ ಎಂದು ಕಾಣುತ್ತದೆ."

"ಏನು ಹೇಳಿಲ್ಲ?" ಎಂದ ಶಿವಪ್ರಸಾದ.

ಎಸ್ಪೆರಾನ್ಸ್ ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಪಕ್ಕದಲ್ಲೇ ಕುಳಿತಳು. ಹೇಳುವಾಗ ಅವರಲ್ಲಿ ಯಾರನ್ನೂ ನೋಡಲಿಲ್ಲ. ಸತ್ತವಳನ್ನೇ ನೋಡುತ್ತಾ ಹೇಳಿದಳು.

◆

ದಿಯಾಳ ನಾಮಕರಣದ ಊಟಕ್ಕೆ ಎಸ್ಪೆರಾನ್ಸ್ ಬಂದಿದ್ದಳು. ಮಗುವನ್ನು ಎತ್ತಿಕೊಂಡಳು. ಕೊರಳಿನ ಬಿಲ್ಲೆಯನ್ನು ನೋಡಿದಳು. ಮಗುವನ್ನು ತಾಯಿಯ ಕೈಗೆ ಕೊಟ್ಟು, ಎಲೆಯ ಮುಂದೆ ಕೂರದೆ ಹೊರಟುಹೋದಳು. ಹೋಳಿಗೆಯ ವಾಸನೆ ಸೇರಲಿಲ್ಲವೇನೋ ಎಂದು ಹೆಂಗಸರು ನಕ್ಕರು.

ಅದಾಗಿ ಕೆಲವು ದಿನಕ್ಕೆ ಇಬ್ಬರೂ ವಾಸವಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಕೋಣೆಯಲ್ಲಿ, ಸುಲೋಚನ ಅವಳನ್ನು ಹಿಡಿದು ನಿಲ್ಲಿಸಿದಳು. "ಊಟ ಬಿಟ್ಟು ಹೋದೆ. ಏನು ತಪ್ಪಾಯಿತು ನಮ್ಮಿಂದ?"

"ಆ ಮಗುವಿನ ಕೊರಳಲ್ಲಿರುವುದು ಏನು ಅಂತ ಗೊತ್ತಾ ನಿನಗೆ?"

"ರಕ್ಷೆ. ನಿಮ್ಮ ದೇಶದ್ದೇ. ಆಕ್ಸೆಲ್ ಕೊಟ್ಟದ್ದು."

"ರಕ್ಷೆ ಅಲ್ಲ ಸುಲು. ಲೆಕ್ಕದ ಬಿಲ್ಲೆ." ಎಸ್ಪೆರಾನ್ಸ್ ಒದ್ದೆ ಹಾಸಿಗೆಹೊದಿಕೆಯನ್ನು ಮಡಿಸುವುದನ್ನು ನಿಲ್ಲಿಸಲಿಲ್ಲ. "ನಮ್ಮ ನದಿಯ ಕಡೆಗೆ ಸರ್ಕಾರ ಅಂತ ಬಂದಾಗ ಬಂದದ್ದು ನಾಲ್ಕೇ ವಸ್ತು. ಬಾವುಟ, ಕೋವಿ, ತಕ್ಕಡಿ, ಈ ಬಿಲ್ಲೆ. ಗಂಡಸರನ್ನು ಸಾಲಾಗಿ ನಿಲ್ಲಿಸಿ ಕೊರಳಿಗೆ ನಂಬರು ಕಟ್ಟುತ್ತಿದ್ದರು. ನಂಬರಿನವನು ಕಾಡಿಗೆ ಹೋಗಿ ರಬ್ಬರ್ ತರಬೇಕು. ಅದೇ ತೆರಿಗೆ. ತೂಕ ಕಡಿಮೆಯಾದರೆ ಚಾಟಿ. ಅವನು ಓಡಿಹೋದರೆ ಹೆಂಡತಿಯನ್ನು ಹಿಡಿದು ಠಾಣೆಯ ಕೊಟ್ಟಿಗೆಯಲ್ಲಿ ಕೂಡಿಹಾಕುತ್ತಿದ್ದರು. ನನ್ನ ಅಜ್ಜಿ ಹುಟ್ಟಿದ್ದು ಅಂಥ ಕೊಟ್ಟಿಗೆಯಲ್ಲಿ."

ಯಂತ್ರ ಬಟ್ಟೆಗಳನ್ನು ತಿರುಗಿಸುತ್ತಿತ್ತು. ಸುಲೋಚನ ಅದರ ಗಾಜಿನ ಬಾಗಿಲಿನ ಮೇಲೆ ಕೈಯೂರಿ ನಿಂತಳು.

"ಇದು ಇದ್ದರೆ ದಾರಿಯಲ್ಲಿ ಯಾರೂ ತಡೆಯುವುದಿಲ್ಲ ಅಂದಿದ್ದರು ಅವರು."

"ಸುಳ್ಳಲ್ಲ. ಬಿಲ್ಲೆ ಇಲ್ಲದವನನ್ನು ಹಿಡಿಯುತ್ತಿದ್ದರು."

"ನಾನು ಅದಕ್ಕೆ ಕುಂಕುಮ ಹಚ್ಚಿದೆ," ಎಂದಳು ಸುಲೋಚನ. "ಶಿವು ಬದುಕಿದ."

"ಬದುಕಿದ. ಒಳ್ಳೆಯದಾಯಿತು."

"ನೀನು ತೆಗೆದುಕೊ. ನಿಮ್ಮವರದು."

"ಬೇಡ. ಎರಡು ಮಕ್ಕಳು, ಒಂದು ಚೀಲ, ಅಷ್ಟನ್ನು ಹೊತ್ತು ಬಂದವಳು ನಾನು. ಇದನ್ನೂ ಹೊರಿಸಬೇಡ."

"ಮ್ಯೂಸಿಯಮ್ಮಿಗೆ ಕೊಡೋಣವೇ?"

ಎಸ್ಪೆರಾನ್ಸ್ ನಕ್ಕಳು. "ಅಲ್ಲಿ ಇದಕ್ಕೆ ಇನ್ನೊಂದು ನಂಬರು ಅಂಟಿಸುತ್ತಾರೆ."

ಅದೇ ಸಂಜೆ ಸುಲೋಚನ ದಿಯಾಳ ಕೊರಳಿಂದ ಬಿಲ್ಲೆ ಬಿಚ್ಚಿ ತಂದಳು. ಎಸ್ಪೆರಾನ್ಸಳ ಬಾಗಿಲು ತಟ್ಟಿದಾಗ ಅದು ಅವಳದೇ ಕೊರಳಲ್ಲಿತ್ತು. "ಎಷ್ಟು ಜನ ತಾಯಂದಿರಿಗೆ ಹೇಳಲಿ, ನಿಮ್ಮ ಮಗುವಿಗೆ ನಾನು ಏನು ಕಟ್ಟಿದೆ ಅಂತ? ನನ್ನ ನಾಲಿಗೆ ಏಳುವುದಿಲ್ಲ. ಇನ್ನು ಯಾವ ಮಗುವಿಗೂ ಬೇಡ. ಇರುವಷ್ಟು ದಿನ ನಾನೇ ಹೊರುತ್ತೇನೆ. ಇದನ್ನು ಕಟ್ಟಿಕೊಂಡಿದ್ದವನ ಕೊರಳಿಂದ ಯಾರು ತೆಗೆದರೋ, ಹೇಗೆ ತೆಗೆದರೋ. ನನ್ನ ಕೊರಳಿಂದ ನೀನು ಬಂದು ತೆಗೆ. ಕೈಯಲ್ಲಿ ಒಂದು ಸಲ ಹಿಡಿ, ಸಾಕು. ಆಮೇಲೆ ನದಿಗೆ ಹಾಕು, ಏನಾದರೂ ಮಾಡು."

◆

ಎಸ್ಪೆರಾನ್ಸ್ ಹೇಳಿ ಮುಗಿಸಿದಳು. ಶಿವಪ್ರಸಾದನಿಗೆ ಒಂದು ಸಂಗತಿ ನೆನಪಾಗುತ್ತಿತ್ತು. ಅಪ್ಪ ಹೋದ ಮೇಲೆ ಅಮ್ಮ ಬೆಳಗಿನ ದೀಪ ಹಚ್ಚುವಾಗ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿ, ಕೊನೆಗೆ ಮೂರು ಅಂಕಿ ಹೇಳಿ ಕೈಮುಗಿಯುತ್ತಿದ್ದಳು. ಏನೋ ಜಪದ ಎಣಿಕೆ ಎಂದುಕೊಂಡಿದ್ದ.

"ಏನಂತೆ?" ಇಂದುಮತಿ ಕೇಳಿದಳು. ಅವಳಿಗೆ ಭಾಷೆ ಇನ್ನೂ ಅಷ್ಟು ಬರುತ್ತಿರಲಿಲ್ಲ. "ರಬ್ಬರ್ ಅಂದ್ರು, ಅಜ್ಜಿ ಅಂದ್ರು. ಏನ್ರೀ ಅದು, ಹೇಳ್ರಿ."

ಅವನು ಬದರಿನಾಥರ ಕಡೆ ನೋಡಿದ. ಅವರಿಗೆ ಪ್ರತಿಯೊಂದು ಮಾತೂ ಅರ್ಥವಾಗಿತ್ತು. ಅವರು ತಮ್ಮ ಒದ್ದೆ ಬೂಟುಗಳನ್ನು ನೋಡುತ್ತಿದ್ದರು. ಹೇಳುವುದು, ಬಿಡುವುದು ಶಿವಪ್ರಸಾದನಿಗೇ ಬಿಟ್ಟದ್ದಾಗಿತ್ತು. ಅಮ್ಮನ ಗೆಳತಿ ನೆನಪಿಗೆಂದು ಕೇಳುತ್ತಿದ್ದಾಳೆ, ನಾವು ಕೊಡುವುದಿಲ್ಲ ಎಂದು ಹೆಂಡತಿಗೆ ಒಂದು ಸುಳ್ಳು ಹೇಳಿದರೆ ಮುಗಿಯಿತು. ಇಂದುಮತಿ ಬಿಲ್ಲೆಯನ್ನು ತೊಟ್ಟಿಲಿಗೆ ಕಟ್ಟುತ್ತಾಳೆ. ಗೋಥೆನ್‌ಬರ್ಗ್‌ವರೆಗೆ ಅವಳು ಧೈರ್ಯವಾಗಿರುತ್ತಾಳೆ. ಅಷ್ಟು ನೆಮ್ಮದಿಯನ್ನು ಹೆಂಡತಿಗೆ ಕೊಡಲಾರದವನು ಎಂಥ ಗಂಡ ಎಂದು ಒಂದು ಕ್ಷಣ ಅವನಿಗೆ ಅನ್ನಿಸಿತು.

ಅವನು ಅವಳ ಪಕ್ಕಕ್ಕೆ ಹೋಗಿ ನಿಂತು, ಕೇಳಿದ್ದನ್ನೆಲ್ಲ ಕನ್ನಡದಲ್ಲಿ ಹೇಳಿದ. ಏನನ್ನೂ ಬಿಡಲಿಲ್ಲ.

ಇಂದುಮತಿ ಪಿನ್ನನ್ನು ಬೆರಳುಗಳ ನಡುವೆ ತಿರುಗಿಸುತ್ತಾ ಕೇಳಿಸಿಕೊಂಡಳು.

"ಸರಿ. ಆದ್ರೆ ನೀವು ಉಳಿದ್ರಲ್ಲ."

"ಅದು ಔಷಧಿ ಇಂದು. ಡಾಕ್ಟ್ರು ಔಷಧಿ ಚೇಂಜ್ ಮಾಡಿದ್ರು."

"ಅತ್ತೆ ಹಾಗಂತ ಹೇಳಿದ್ರಾ ಯಾವತ್ತಾದ್ರೂ?"

"ಇಲ್ಲ."

"ಪಾಪ, ಇದನ್ನ ಹಾಕ್ಕೊಂಡಿದ್ದ ಮನುಷ್ಯನಿಗೆ ಏನಾಯ್ತೋ. ಆದ್ರೆ ನಿಮ್ಮ ಕೊರಳಲ್ಲಿ ಕೆಲಸ ಮಾಡ್ತಲ್ಲ ಇದು. ಶ್ರೀನಾಥನ ಕೊರಳಲ್ಲಿ, ಫೈಜಲ್ ಕೊರಳಲ್ಲಿ. ನಾಡಿದ್ದು ನನ್ನ ಮಗನ ಎದೆ ಕೊಯ್ತಾರೆ ರೀ. ಕೈಯಲ್ಲಿ ಏನೂ ಇಲ್ದೆ ಹೋಗು ಅಂತೀರಾ ನನ್ನ?"

ಎಸ್ಪೆರಾನ್ಸ್ ಶಿವಪ್ರಸಾದನ ಮುಖ ನೋಡಿದಳು. ಅವನು ಹೆಂಡತಿಯ ಮಾತನ್ನೂ ಹಾಗೆಯೇ, ಏನೂ ಬಿಡದೆ, ಅವಳಿಗೆ ತಲುಪಿಸಿದ.

ಎಸ್ಪೆರಾನ್ಸ್ ತಲೆಯಾಡಿಸಿದಳು. "ಹಾಗಾದರೆ ನಾನು ಕೇಳುವುದಿಲ್ಲ. ಸುಲು ಕ್ಷಮಿಸಲಿ. ತಾಯಿಯ ಕೈಯಿಂದ ಕಿತ್ತುಕೊಳ್ಳುವವಳಲ್ಲ ನಾನು." ಅವಳು ಕೋಟಿನ ಗುಂಡಿ ಹಾಕಿಕೊಂಡಳು. ಹೊರಡಲಿಲ್ಲ. "ಅಜ್ಜಿಯ ತಾಯಿ ಆ ಕೊಟ್ಟಿಗೆಯಲ್ಲಿ ಹಸುಗೂಸು ಹಿಡಿದು ಕೂತು ಪ್ರತಿದಿನ ದಾರಿ ನೋಡುತ್ತಿದ್ದಳಂತೆ. ಗಂಡ ರಬ್ಬರ್ ತರುತ್ತಾನೆ, ಅವನ ಬಿಲ್ಲೆ ನೋಡಿ ಲೆಕ್ಕ ಹಾಕುತ್ತಾರೆ, ತನ್ನನ್ನೂ ಕೂಸನ್ನೂ ಬಿಡುತ್ತಾರೆ ಅಂತ. ಅವಳಿಗೂ ಇದ್ದ ನಂಬಿಕೆ ಆ ಬಿಲ್ಲೆಯೊಂದೇ."

ಶಿವಪ್ರಸಾದ ಹೇಳಲು ಬಾಯಿ ತೆರೆದ. ಇಂದುಮತಿ ಕೈ ಅಡ್ಡ ಹಿಡಿದಳು. ಇಷ್ಟು ಅವಳಿಗೆ ಅರ್ಥವಾಗಿತ್ತು. ಅವಳು ತನಗೆ ಬರುವ ಸ್ವೀಡಿಷ್‌ನಲ್ಲಿ ತಾನೇ ಕೇಳಿದಳು.

"ಬಂದನಾ?"

"ಬಿಲ್ಲೆ ಬಂತು," ಎಂದಳು ಎಸ್ಪೆರಾನ್ಸ್. "ಒಬ್ಬ ಸಿಪಾಯಿ ತಂದು ಠಾಣೆಯ ಮೇಜಿನ ಮೇಲಿಟ್ಟ."

ಹೊರಗೆ ಕಾರಿನ್ ಯಾರೊಡನೆಯೋ ಪಿಸುಮಾತಿನಲ್ಲಿ ಹೊತ್ತಾಗುತ್ತಿದೆ ಎನ್ನುತ್ತಿದ್ದಳು. ಇಂದುಮತಿ ಪಿನ್ನನ್ನು ಸೆರಗಿಗೆ ಚುಚ್ಚಿಕೊಂಡಳು. ಅತ್ತೆಯ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ನೇವರಿಸಿದಳು. "ಹೇಳಬಾರದಿತ್ತಾ ಅತ್ತೆ," ಎಂದಳು. "ಕಂಜೂಸಿ ಅಂದ್ಕೊಂಡಿದ್ದೆ ನಿಮ್ಮನ್ನ."

ಆಮೇಲೆ ಗಂಡನಿಗೆ ಹೇಳಿದಳು. "ಒಂದು ಕತ್ತರಿ ಕೇಳ್ರಿ."

ಬದರಿನಾಥರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕಾರಿನ್ ಕತ್ತರಿ ತಂದಳು. ಇಂದುಮತಿ ಅದನ್ನು ಎಸ್ಪೆರಾನ್ಸಳ ಕೈಗೆ ಕೊಟ್ಟು, ತಾನು ದಾರವನ್ನು ಎರಡು ಬೆರಳಿನಿಂದ ಚರ್ಮದಿಂದ ಮೇಲಕ್ಕೆತ್ತಿ ಹಿಡಿದಳು, ಸತ್ತವಳಿಗೆ ಚುಚ್ಚಿಬಿಡುತ್ತದೆಯೋ ಎಂಬಂತೆ. ದಾರ ಗಟ್ಟಿಯಿತ್ತು. ಒಂದೇ ಸಲಕ್ಕೆ ತುಂಡಾಗಲಿಲ್ಲ.

ಬಿಲ್ಲೆ ಇದ್ದ ಕಡೆ ಎದೆಯ ಮೇಲೆ ದುಂಡನೆಯ ಕಪ್ಪು ಗುರುತು ಉಳಿದಿತ್ತು. ಇಂದುಮತಿ ಗಂಗಾಜಲದಲ್ಲಿ ಹತ್ತಿ ಅದ್ದಿ ಒರೆಸಿದಳು. ಹತ್ತಿ ಕಪ್ಪಾಯಿತು. ಗುರುತು ಹಾಗೆಯೇ ಇತ್ತು.

◆

ಪ್ರಾರ್ಥನೆಯ ಕೋಣೆಯಲ್ಲಿ ಜನ ಇಪ್ಪತ್ತು ಮೂವತ್ತಿರಬಹುದು. ಆ ಬಿಲ್ಲೆ ಕಟ್ಟಿಕೊಂಡು ಬೆಳೆದವರೂ ಅವರಲ್ಲಿದ್ದರು. ಶ್ರೀನಾಥ ಸ್ಟಾಕ್‌ಹೋಮಿನಿಂದ ರೈಲಿನಲ್ಲಿ ಬಂದಿದ್ದ. ಫೈಜಲ್ ತಾಯಿಯ ಕೈಹಿಡಿದು ಕೊನೆಯ ಸಾಲಿನಲ್ಲಿ ಕುಳಿತಿದ್ದ. ಒಬ್ಬೊಬ್ಬರಾಗಿ ಬಂದು ಬಾಯಿಗೆ ಅಕ್ಕಿ ಹಾಕಿದರು. ಎಸ್ಪೆರಾನ್ಸ್ ಸಾಲಿನಲ್ಲಿ ನಿಂತಾಗ ಬದರಿನಾಥರು ಅಕ್ಕಿಯ ಬಟ್ಟಲನ್ನು ಒಂದು ಕ್ಷಣ ತಮ್ಮ ಕಡೆಗೇ ಹಿಡಿದುಕೊಂಡರು. ಆಮೇಲೆ ತಾವೇ ಒಂದು ಹೆಜ್ಜೆ ಮುಂದೆ ಹೋಗಿ ಬಟ್ಟಲನ್ನು ಅವಳ ಮುಂದೆ ಚಾಚಿದರು. ಅವಳ ಒಂದು ಕೈ ಬಿಲ್ಲೆಯನ್ನು ಹಿಡಿದು ಮುಷ್ಟಿ ಕಟ್ಟಿತ್ತು. ಇನ್ನೊಂದು ಕೈಯಿಂದ ಅಕ್ಕಿ ತೆಗೆದುಕೊಂಡಳು.

ಶಿವಪ್ರಸಾದ ತಾಯಿಗೆ ಎಳ್ಳುನೀರು ಬಿಟ್ಟ. ಮುಗಿಯಿತೆಂದು ಎದ್ದ.

"ಇನ್ನೊಂದು ಬೊಗಸೆ ಬಿಡು ಶಿವು," ಎಂದರು ಬದರಿನಾಥರು.

"ಯಾರಿಗೆ ಅಂಕಲ್?"

"ಬಿಡು."

ಅವರು ಆ ಮಂತ್ರವನ್ನು ಬಹಳ ಮೆಲ್ಲಗೆ ಹೇಳಿದರು. ತಂದೆ ತಾಯಿ ಯಾರೆಂದು ತಿಳಿಯದವರಿಗೆ, ನೀರು ಬಿಡಲು ಬಂಧುಗಳು ಇಲ್ಲದವರಿಗೆ ಎಂದು ಅದರ ಅರ್ಥ. ಹೆಸರು ಹೇಳಬೇಕಾದಲ್ಲಿ ಅವರು ನಿಂತರು. ಶಿವಪ್ರಸಾದ ಬಿಲ್ಲೆಯ ಮೇಲಿದ್ದ ಮೂರು ಅಂಕಿ ಹೇಳಿದ. ಪೆಟ್ಟಿಗೆ ಒಳಗೆ ಸರಿಯಿತು. ಕುಲುಮೆಯ ಬಾಗಿಲು ಮುಚ್ಚಿಕೊಂಡಿತು.

◆

ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಇಂದುಮತಿ ಮತ್ತು ಶಿವಪ್ರಸಾದ ಆಸ್ಪತ್ರೆಗೆ ಬಂದಾಗ ಸಂಜೆಯಾಗಿತ್ತು. ಮಗು ಎಚ್ಚರವಾಗಿತ್ತು. ನಾಳೆಯ ಪ್ರಯಾಣಕ್ಕೆ ಸಿದ್ಧಪಡಿಸುತ್ತಿದ್ದ ನರ್ಸು ಮಗುವಿನ ಕಾಲಿನ ಗುರುತಿನ ಪಟ್ಟಿ ಸಡಿಲವಾಗಿರುವುದನ್ನು ತೋರಿಸಿ, ಹೊಸದು ಹಾಕಬೇಕು, ದಾರಿಯಲ್ಲಿ ಬಿದ್ದುಹೋದರೆ ಕಷ್ಟ ಎಂದಳು. ಹಳೆಯದನ್ನು ಕತ್ತರಿಸಿ ಬುಟ್ಟಿಗೆ ಹಾಕಿದಳು. ಹೊಸ ಬಿಳಿ ಪಟ್ಟಿಯ ಮೇಲೆ ಮಗುವಿನ ಸಂಖ್ಯೆ ಅಚ್ಚಾಗಿತ್ತು.

"ನಾನು ಓದುತ್ತೇನೆ, ನೀವು ಸರಿಯೇ ಎಂದು ಹೇಳಿ," ಎಂದಳು ನರ್ಸು. "ತಾಯಿ ಹೇಳಿದರೆ ಸಾಕು."

ನರ್ಸು ಒಂದೊಂದೇ ಅಂಕಿ ಓದಿದಳು. ಇಂದುಮತಿ ಪ್ರತಿಯೊಂದನ್ನೂ ತಡವರಿಸುತ್ತಾ ಹಿಂದೆ ಹೇಳಿದಳು. ಕೊನೆಯ ಅಂಕಿ ಆದ ಮೇಲೆ ನರ್ಸು ಪಟ್ಟಿಯನ್ನು ಪುಟ್ಟ ಕಾಲಿಗೆ ಸುತ್ತಿ ಗುಂಡಿ ಒತ್ತಿದಳು. ಟಕ್ಕೆಂದು ಸದ್ದಾಯಿತು. ಮಗು ಕಾಲು ಜಾಡಿಸಿತು.

ಇಂದುಮತಿ ಬಾಗಿ, ಪಟ್ಟಿಗೂ ಚರ್ಮಕ್ಕೂ ನಡುವೆ ತನ್ನ ಕಿರುಬೆರಳನ್ನು ತೂರಿಸಿ ನೋಡಿದಳು. ಬೆರಳು ಹಿಡಿಯುವಷ್ಟು ಜಾಗವಿತ್ತು. ನರ್ಸು ಹೋದ ಮೇಲೂ ಅವಳು ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.